ನೀರುಗಂಟಿಯ ಫೋನಿನ ಮೇಲೆ ಹೊರಿಸಿದ ತಪ್ಪು

ಇಂಟರ್‌ಫಿಯರೆನ್ಸ್, ಅಂದರೆ ಸಂದೇಶಕ್ಕೆ ಬರುವ ಅಡಚಣೆ, ಎಂಬುದನ್ನು ನಾನು ಎರಡು ವರ್ಷ ಓದಿದ್ದೇನೆ. ವೈರ್‌ಲೆಸ್ ರಿಸೀವರಿನ ಕಿವಿಗೆ ಬೀಳುವುದರಲ್ಲಿ ಬೇಕಾದ ಸಂದೇಶ ಯಾವುದು, ಬೇಡದ ಗದ್ದಲ ಯಾವುದು ಎಂದು ಬೇರ್ಪಡಿಸುವುದೇ ನನ್ನ ಎಂ.ಟೆಕ್ ಪ್ರಬಂಧದ ವಿಷಯವಾಗಿತ್ತು. ಆಗ ಅದು ಅಳೆಯಬಹುದಾದ ವಸ್ತು. ಅಳೆಯಲು ಮನಸ್ಸಿಲ್ಲದವರೂ ಅದೇ ಪದವನ್ನು ಬಳಸುತ್ತಾರೆ ಎಂಬುದು ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು.

ನಮ್ಮ ಮನೆ ಹರಿಹರದಲ್ಲಿ. ಕೆಲಸ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ, ವಾಸದ ಮನೆಯೊಂದರ ಮೊದಲ ಮಹಡಿಯಲ್ಲಿದ್ದ ಸಣ್ಣ ಕಂಪನಿಯಲ್ಲಿ. ಮಾಲೀಕರನ್ನೂ ಸೇರಿಸಿ ಆರು ಜನ. ನನ್ನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ಈ ಬರಹಕ್ಕಿಲ್ಲ.

ಹಳ್ಳಿಗಳ ಕುಡಿಯುವ ನೀರಿನ ಟ್ಯಾಂಕಿಗೆ ನಾವು ಎರಡು ಪೆಟ್ಟಿಗೆ ಕೂರಿಸುತ್ತಿದ್ದೆವು. ಒಂದು ಟ್ಯಾಂಕಿನ ನೆತ್ತಿಯ ಮೇಲೆ, ಇನ್ನೊಂದು ಕೆಳಗೆ ಪಂಪ್‌ಹೌಸಿನಲ್ಲಿ. ಮೇಲಿನದು ಹತ್ತು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ಗಾಳಿಯಲ್ಲಿ ಹೇಳುತ್ತದೆ, ಕೆಳಗಿನದು ಕೇಳಿಸಿಕೊಳ್ಳುತ್ತದೆ. ಖಾಲಿ ಎಂದರೆ ಮೋಟರ್ ಚಾಲೂ, ತುಂಬಿದೆ ಎಂದರೆ ಬಂದ್. ನೀರುಗಂಟಿ, ಅಂದರೆ ಊರಿಗೆ ನೀರು ಬಿಡುವ ಕೆಲಸದವರು, ಇನ್ನು ಓಡಾಡಬೇಕಿಲ್ಲ ಎಂದು ನಮ್ಮ ಜಾಹೀರಾತಿನಲ್ಲಿ ಬರೆದಿತ್ತು. ಯಾರೂ ಮುಟ್ಟಬಾರದೆಂದು ಮೋಟರಿನ ಹಳೆಯ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಪಂಚಾಯ್ತಿ ಆಫೀಸಿಗೆ ಕೊಟ್ಟು ಬರುವುದು ನಮ್ಮ ಪದ್ಧತಿ.

ಕೊಕ್ಕನೂರು ದಾಟಿ ಹೋಗಬೇಕಾದ ಒಂದು ಊರಿನಿಂದ ದೂರು ಬಂತು. ಊರಿನ ಹೆಸರು ಬರೆಯುವುದಿಲ್ಲ. ಎರಡು ತಿಂಗಳಿಂದ ಅಲ್ಲಿ ಒಂದು ದಿನ ಟ್ಯಾಂಕು ಉಕ್ಕಿ ಬೀದಿಗೆ ಹರಿಯುತ್ತದೆ, ಮತ್ತೆರಡು ದಿನ ಮೇಲಿನ ಓಣಿಗೆ ಹನಿ ನೀರಿಲ್ಲ. ಮೋಟರ್ ತಾನೇ ಚಾಲೂ ಆಗುತ್ತದೆ, ತಾನೇ ನಿಲ್ಲುತ್ತದೆ. ಅಲ್ಲಿಯ ನೀರುಗಂಟಿ ಒಬ್ಬ ಹೆಂಗಸು. ಆಕೆ ಕೆಳಗಿನ ಓಣಿಯವಳು. ಬೇಕೆಂದೇ ಪೆಟ್ಟಿಗೆ ಕೆಡಿಸುತ್ತಿದ್ದಾಳೆ ಎಂದು ಪಂಚಾಯ್ತಿಯ ನಡಾವಳಿ ಪುಸ್ತಕದಲ್ಲಿ ಆಗಲೇ ಬರೆದಾಗಿತ್ತು. ಸೋಮವಾರದ ಸಭೆಯಲ್ಲಿ ಆಕೆಯನ್ನು ಕೆಲಸದಿಂದ ತೆಗೆಯುವುದಿತ್ತು. ಅದಕ್ಕೆ ಮೊದಲು ಕಂಪನಿಯಿಂದ ಒಂದು ವರದಿ ಬೇಕಿತ್ತು.

ಶುಕ್ರವಾರ ಮಾಲೀಕರು ನನ್ನನ್ನು ಕರೆದರು.

“ಏನಿಲ್ಲ ಮೇಡಂ, ನಾಳೆ ಒಂದು ಸಲ ಹೋಗ್ಬಂದು ಹಾಳಿ ತುಂಬಿ ಕೊಡ್ರಿ. ಹೊರಗಿನ ಇಂಟರ್‌ಫಿಯರೆನ್ಸ್ ಐತೆ ಅಂತ ಬರೀರಿ. ಆ ಹೆಣ್ಮಗಳು ಮೊಬೈಲ್ ತಂದು ನಮ್ಮ ಪೆಟ್ಟಿಗಿ ಮ್ಯಾಲೆ ಇಡ್ತಾಳಂತೆ. ಫೋನಿನ್ಯಾಗೆ ಅಧ್ಯಕ್ಷರಿಗೂ ಹೇಳೀನಿ.”

“ನೋಡದೇ ಹೇಗೆ ಹೇಳಿದಿರಿ ಸರ್?”

“ನೋಡಾಕೆ ನೀವು ಹೊಂಟೀರಲ್ಲ,” ಎಂದರು.

ಹೀಗೆ ಪರೀಕ್ಷೆಗೆ ಮೊದಲೇ ಉತ್ತರ ನನ್ನ ಕೈಯಲ್ಲಿತ್ತು.

ಶನಿವಾರ ಬೆಳಿಗ್ಗೆ ಹರಿಹರದ ಬಸ್ಸು ನನ್ನನ್ನು ಆ ಊರಿನ ಕ್ರಾಸಿನಲ್ಲಿ ಇಳಿಸಿತು. ಸುತ್ತ ಎಲ್ಲಿ ನೋಡಿದರೂ ಭತ್ತದ ಗದ್ದೆ, ಕಣ್ಣಿಗೆ ಏರೂ ಇಲ್ಲ ಇಳಿಜಾರೂ ಇಲ್ಲ. ಪಂಪ್‌ಹೌಸಿನ ಬಾಗಿಲಲ್ಲಿ ನೀರುಗಂಟಿ ನಿಂತಿದ್ದರು. ಐವತ್ತರ ಆಚೀಚೆ ವಯಸ್ಸು, ಸೀರೆಯ ಮೇಲೆ ಗಂಡಸರ ಅಂಗಿ, ಕೈಯಲ್ಲಿ ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ. ಗಂಡ ತೀರಿಕೊಂಡ ಮೇಲೆ ಅವರ ಕೆಲಸವನ್ನು ಈಕೆ ವಹಿಸಿಕೊಂಡಿದ್ದರಂತೆ.

“ನೀವೇ ಏನು ನನ್ನ ತೆಗಿಯಾಕೆ ಬಂದ ಮೇಡಮ್ಮಾರು?”

“ನಾನು ಪೆಟ್ಟಿಗೆ ನೋಡಲು ಬಂದವಳು.”

“ನೋಡ್ರಿ. ಅದೂ ನಿಮ್ದೇ, ಬೀಗನೂ ನಿಮ್ದೇ. ಬೈಗುಳ ಒಂದು ನಂದು.”

ನಾನು ಮಾತು ಬೆಳೆಸಲಿಲ್ಲ. ಬೆಳೆಸುವುದು ನನಗೆ ಬರುವುದೂ ಇಲ್ಲ. ಲ್ಯಾಪ್‌ಟಾಪ್ ತೆಗೆದು, ನಾನು ತಂದಿದ್ದ ಇನ್ನೊಂದು ರಿಸೀವರನ್ನು ನಮ್ಮ ಪೆಟ್ಟಿಗೆಯ ಪಕ್ಕಕ್ಕೆ ಇಟ್ಟೆ. ಗಾಳಿಯಲ್ಲಿ ಏನೇ ಬಂದರೂ ಅದು ಸಮಯ ಮತ್ತು ಬಲದ ಸಮೇತ ಬರೆದುಕೊಳ್ಳುತ್ತದೆ.

ಮೊದಲು ಫೋನಿನ ಮಾತನ್ನೇ ಪರೀಕ್ಷಿಸಬೇಕು ಎನಿಸಿತು. ಆಕೆಯದು ಬಟನ್ ಫೋನು. ಅದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಇಡಿಸಿ, ನನ್ನ ಫೋನಿನಿಂದ ಕರೆ ಮಾಡಿದೆ. ಹತ್ತು ಸಲ ಮಾಡಿದೆ. ಆಮೇಲೆ ಆಕೆಯಿಂದ ನನಗೆ ಹತ್ತು ಸಲ ಮಾಡಿಸಿದೆ.

“ಎದುರಿಗೇ ನಿಂತು ಫೋನ್ ಮಾಡೋರ್ನ ಇವತ್ತು ಕಂಡೆ,” ಎಂದರು ಆಕೆ. ನಗಲಿಲ್ಲ.

ಇಲ್ಲಿ ಒಂದು ಸಂಗತಿ ಬಿಡಿಸಿ ಹೇಳಬೇಕು. ನಮ್ಮ ಪೆಟ್ಟಿಗೆ ಕಳಿಸುವ ಸಂದೇಶಕ್ಕೆ ಒಂದು ಆಕಾರವಿದೆ. ಮೊದಲು ಆ ಊರಿಗೆ ಕೊಟ್ಟ ನಂಬರು, ನಡುವೆ ನೀರಿನ ಮಟ್ಟ, ಕೊನೆಗೆ ಮೊದಲೆರಡನ್ನು ಲೆಕ್ಕ ಹಾಕಿ ಪಡೆದ ತಾಳೆ ಅಂಕಿ. ದಾರಿಯಲ್ಲಿ ಏನಾದರೂ ಕೆಟ್ಟರೆ ಅಂಕಿ ತಾಳೆಯಾಗುವುದಿಲ್ಲ, ರಿಸೀವರ್ ಅದನ್ನು ಎಸೆಯುತ್ತದೆ. ಮೋಟರಿನ ಸ್ಟಾರ್ಟರ್ ಟಕ್ ಎಂದಾಗ, ಮೊಬೈಲ್ ಪಕ್ಕದಲ್ಲಿದ್ದಾಗ ಗದ್ದಲ ಬರುವುದು ನಿಜ. ಆದರೆ ಗದ್ದಲಕ್ಕೆ ನಂಬರು ಹೇಳಲು ಬರುವುದಿಲ್ಲ, ಲೆಕ್ಕ ಮಾಡಲು ಬರುವುದಿಲ್ಲ. ಇಪ್ಪತ್ತು ಕರೆಗಳಲ್ಲಿ ಒಂದೇ ಒಂದು ಸಲವೂ ಪೆಟ್ಟಿಗೆ ಮೋಸ ಹೋಗಲಿಲ್ಲ. ಗದ್ದಲ ಬಂದಷ್ಟೂ ಕಸಕ್ಕೆ ಹೋಯಿತು.

“ನಿಮ್ಮ ಫೋನಿನದು ತಪ್ಪಿಲ್ಲ,” ಎಂದೆ.

“ಅದು ನಂಗೊತ್ತು. ಅವರಿಗೆ ಹೇಳ್ರಿ.”

ಇನ್ನು ಕಾಯುವುದೇ ಕೆಲಸ. ಆಕೆ ಒಂದು ಗೋಣಿಚೀಲ ಮಡಿಸಿ ಕೂರಲು ಕೊಟ್ಟರು. ರೊಟ್ಟಿ ಬಿಚ್ಚಿ ಅರ್ಧ ನನ್ನ ಮುಂದಿಟ್ಟರು. ಬೇಡವೆಂದೆ. “ವಿಷ ಹಾಕಿಲ್ಲ, ತಿನ್ರಿ,” ಎಂದರು. ತಿಂದೆ. ಮೇಲಿನ ಓಣಿಯ ಹೆಂಗಸರಿಬ್ಬರು ಕೈಪಂಪಿನಿಂದ ಕೊಡ ಹೊತ್ತು ಹೋಗುವಾಗ ಬಾಗಿಲ ಕಡೆ ನೋಡಿ, “ತನ್ನ ಓಣಿ ತುಂಬಿಸಿ ಕುಂತಾಳ ನೋಡು, ನೆಂಟ್ರ ಕೂಡೆ,” ಎಂದರು, ಕೇಳಿಸಲಿ ಎಂದೇ. ಆಕೆ ಅಗಿಯುವುದನ್ನು ನಿಲ್ಲಿಸಲಿಲ್ಲ.

ಹನ್ನೊಂದು ಗಂಟೆಗೆ ಮೋಟರ್ ಚಾಲೂ ಆಯಿತು. ನಾಲ್ಕು ನಿಮಿಷ ಕಳೆಯುವುದರೊಳಗೆ ನಿಂತಿತು. ಮತ್ತೆ ಚಾಲೂ, ಮತ್ತೆ ಬಂದ್. ನಾನು ಲ್ಯಾಪ್‌ಟಾಪಿನ ಪಟ್ಟಿ ನೋಡುತ್ತಿದ್ದೆ. ಹತ್ತು ನಿಮಿಷಕ್ಕೆ ಒಂದೇ ಸಂದೇಶ ಬರಬೇಕು, ಎರಡು ಬರುತ್ತಿದ್ದವು. ಎರಡಕ್ಕೂ ತಾಳೆ ಅಂಕಿ ಸರಿಯಾಗಿತ್ತು, ಎರಡರ ನಂಬರೂ ಒಂದೇ ಆಗಿತ್ತು. ಒಂದು ಜೋರಾಗಿತ್ತು, ಅದು ಟ್ಯಾಂಕು ಖಾಲಿ ಎನ್ನುತ್ತಿತ್ತು. ಇನ್ನೊಂದು ತೀರಾ ಕ್ಷೀಣ, ದೂರದಿಂದ ಕೂಗಿದ ಹಾಗೆ. ಅದು ತುಂಬಿದೆ ಎನ್ನುತ್ತಿತ್ತು. ರಿಸೀವರಿಗೆ ಎರಡೂ ನಂಬಿಕೆಯ ಮಾತುಗಳೇ, ಯಾವುದು ಕೊನೆಗೆ ಬಂತೋ ಅದರಂತೆ ನಡೆಯುತ್ತಿತ್ತು. ಮಧ್ಯಾಹ್ನದವರೆಗೂ ಈ ಎರಡು ಸಾಲು ತಪ್ಪದೆ ಬಂದವು, ಪ್ರತಿಯೊಂದೂ ತನ್ನದೇ ಗಡಿಯಾರದ ಪ್ರಕಾರ.

ಇದು ಇಂಟರ್‌ಫಿಯರೆನ್ಸ್ ಅಲ್ಲ, ನಮ್ಮದೇ ಕಂಪನಿಯ ಇನ್ನೊಂದು ಪೆಟ್ಟಿಗೆಯ ಸರಿಯಾದ ಸಂದೇಶ, ತಪ್ಪಾದ ಮನೆಗೆ ಬರುತ್ತಿದೆ ಎಂದು ಖಚಿತವಾಯಿತು.

ಪಟ್ಟಿಯಲ್ಲಿದ್ದ ನಂಬರು ನೂರಾ ಒಂದು. ನಮ್ಮ ಆಫೀಸಿನ ರಿಜಿಸ್ಟರಿನಲ್ಲಿ ಆ ಊರಿಗೆ ಕೊಟ್ಟಿದ್ದು ನಲವತ್ತು. ಪೆಟ್ಟಿಗೆ ಕೂರಿಸುವ ಫಿಟ್ಟರಿಗೆ ಅಲ್ಲಿಂದಲೇ ಫೋನು ಮಾಡಿದೆ. ದೊಡ್ಡ ವಯಸ್ಸಿನವರು, ಕೈ ಕೆಲಸದಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿರಲಿಲ್ಲ.

“ನಲವತ್ತು ಇದ್ದದ್ದು ನೂರಾ ಒಂದು ಹೇಗಾಯಿತು?”

“ಅದೇನಂದ್ರೆ ಮೇಡಂ, ಪೂಜೆ ಮಾಡೋ ಹೊತ್ನಾಗೆ ಹಿರೇರೊಬ್ರು ನಿಮ್ದು ಯಾವ ನಂಬರು ಅಂದ್ರು. ನಲವತ್ತು ಅಂದೆ. ಏನಪ್ಪಾ, ಮದುವ್ಯಾಗೆ ಮುಯ್ಯಿ ಮಾಡಾಕೂ ಮ್ಯಾಲೊಂದು ರೂಪಾಯಿ ಇಡ್ತೀವಿ, ಗಂಗವ್ವನ ಪೆಟ್ಟಿಗಿಗೆ ಸೊನ್ನಿ ನಂಬರು ಇಡ್ತೀಯಲ್ಲ ಅಂದ್ರು. ಕಾಯಿ ಒಡಿಯಾಕೆ ಬಿಡವಲ್ರು. ನೂರಾ ಒಂದು ಇಟ್ಟೆ. ಎಲ್ರಿಗೂ ಖುಷಿ ಆತು.”

“ಇನ್ನೆಲ್ಲಿ ಇಟ್ಟಿದ್ದೀರಿ?”

“ನಂದಿಗುಡಿ ರಸ್ತೆ ಕಡೀಗೆ, ಎರಡು ತಿಂಗಳ ಹಿಂದೆ ಕುಂದ್ರಿಸಿದ್ವಲ್ಲ, ಆ ಎತ್ತರದ ಹೊಸ ಟ್ಯಾಂಕು. ಅಲ್ಲಿ ಅವ್ರು ಕೇಳೋಕೆ ಮೊದ್ಲೇ ನೂರಾ ಒಂದು ಇಟ್ಬಿಟ್ಟೆ. ಅಷ್ಟು ದೂರ ಯಾಕ ಕೇಳಿಸ್ತೈತೆ ಅಂತ…”

ಕೇಳಿಸುತ್ತಿತ್ತು. ಎತ್ತರದ ಟ್ಯಾಂಕು, ಅದರ ಮೇಲೆ ಕಂಬ, ನಡುವೆ ಬರೀ ಗದ್ದೆ. ಅಲ್ಲಿ ಟ್ಯಾಂಕು ತುಂಬಿದರೆ ಇಲ್ಲಿ ಮೋಟರ್ ಬಂದ್. ಅಲ್ಲಿ ಖಾಲಿಯಾದರೆ ಇಲ್ಲಿ ತುಂಬಿದ ಟ್ಯಾಂಕಿಗೆ ಮತ್ತೆ ನೀರು. ನಡುವೆ ನಿಂತು ಬೈಸಿಕೊಂಡದ್ದು ಈಕೆ.

ನಂಬರು ಬದಲಿಸಲು ಒಂದು ಸಣ್ಣ ಸ್ಕ್ರೂಡ್ರೈವರ್ ಸಾಕು. ಮಾಲೀಕರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಹಗುರಾದರು. “ಅಷ್ಟೇನಾ? ಸುಮ್ನೆ ತಿರುವಿ ಬರ್ರಿ. ಹಾಳಿಯಾಗೆ ಇಂಟರ್‌ಫಿಯರೆನ್ಸ್ ಇತ್ತು, ಸರಿ ಮಾಡೀವಿ ಅಂತ ಬರೀರಿ. ಯಾರ ಮ್ಯಾಲೂ ಬರಂಗಿಲ್ಲ.”

“ಈಕೆಯ ಮೇಲೆ ಬರುತ್ತದೆ ಸರ್. ಅದು ಇವರ ಫೋನಿನ ಇಂಟರ್‌ಫಿಯರೆನ್ಸ್ ಎಂದು ನೀವೇ ಹೇಳಿದ್ದೀರಿ.”

“ಮೇಡಂ, ಊರ ಉಸಾಬರಿ ನಮಗ್ಯಾಕ? ಒಂದು ಊರಾಗೆ ನಮ್ದು ತಪ್ಪು ಅಂದ್ರೆ ಉಳಿದ ಊರೆಲ್ಲ ಬಂದು ಕುಂದ್ರತಾವ.”

“ಬರಲಿ. ಉಳಿದ ಊರಿನ ನಂಬರುಗಳನ್ನೂ ನೋಡಬೇಕು.”

“ನೀವು ಬರೀಲಿಲ್ಲ ಅಂದ್ರೆ ನಾನೇ ಬರ್ದು ಕಳಿಸ್ತೀನಿ.”

“ಬರೆಯಿರಿ. ನನ್ನ ಸಹಿ ಅದರಲ್ಲಿರುವುದಿಲ್ಲ.”

ಎದುರುತ್ತರ ಕೊಡುವುದು ನನ್ನ ಸ್ವಭಾವವಲ್ಲ. ಆದರೆ ನಾನು ಹೇಳಿದ್ದು ಅಳತೆಯ ಮಾತಾಗಿತ್ತು, ಅದನ್ನು ಮೆತ್ತಗೆ ಮಾಡಲು ನನಗೆ ಅಧಿಕಾರವಿರಲಿಲ್ಲ.

ಆಕೆಗೆ ಎಲ್ಲವನ್ನೂ ವಿವರಿಸಿದೆ. ಕೇಳಿಸಿಕೊಂಡು, “ಅಂದ್ರೆ ಆ ಊರ ಟ್ಯಾಂಕು ನಮ್ಮೂರ ಮೋಟ್ರು ನಡಸ್ತೈತೆ,” ಎಂದರು. ನನ್ನ ಇಡೀ ವಿವರಣೆಗಿಂತ ಅದು ಚೆನ್ನಾಗಿತ್ತು.

“ಈಗಲೇ ಸರಿ ಮಾಡಬಹುದು ಅಕ್ಕಾ. ಸಂಜೆಗೆ ಮೇಲಿನ ಓಣಿಗೆ ನೀರು ಹೋಗುತ್ತದೆ. ಮಾಡಲೇ?”

ಆಕೆ ಚಾವಿಯನ್ನು ನೆಲಕ್ಕೆ ಊರಿದರು.

“ಇವತ್ತು ಸರಿ ಆದ್ರೆ ಸೋಮವಾರ ಏನಂತಾರೆ ಗೊತ್ತೈತಾ? ಮೇಡಂ ಬಂದ್ಲು, ಇಕಿ ಹೆದ್ರಿ ಸುಮ್ನಾದ್ಲು ಅಂತಾರೆ. ನಾನು ಕಳ್ಳಿ ಆಗೇ ಉಳೀತೀನಿ. ಬ್ಯಾಡ. ಕುಡಿಯಾಕೆ ಕೈಪಂಪು ಐತೆ. ಇನ್ನೆರಡು ದಿನ ಬೈಸ್ಕೊಂತೀನಿ. ಸೋಮವಾರ ಬಂದು ಅವರ ಕಣ್ಣಿಗೆ ತೋರಿಸು, ತಂಗಿ.”

ಅಷ್ಟು ಹೊತ್ತು ಮೇಡಂ ಎನ್ನುತ್ತಿದ್ದವರು ತಂಗಿ ಎಂದರು. ನಾನು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದೆ. ಎರಡು ದಿನ ಆ ತಪ್ಪು ಅಲ್ಲೇ ಇರಲಿ ಎಂದು ಬಿಟ್ಟು ಬಂದೆ. ಇಂಜಿನಿಯರ್ ಮಾಡುವ ಕೆಲಸವಲ್ಲ ಅದು ಎಂದು ನನ್ನ ಜೊತೆ ಓದಿದವರು ಹೇಳಬಹುದು. ಹೇಳಲಿ. ಆ ತೀರ್ಮಾನ ಮಾಡುವ ಹಕ್ಕು ನೋವು ತಿಂದವರದು.

ಸೋಮವಾರ ಮುಂಜಾನೆ ಮಾಲೀಕರಿಂದ ಒಂದು ಸಾಲಿನ ಸಂದೇಶ ಬಂತು: ಸಭೆಗೆ ಹೋದರೆ ಕಂಪನಿಯ ಪರವಾಗಿ ಮಾತಾಡಬಾರದು. ಸರಿ ಎಂದು ಉತ್ತರಿಸಿದೆ. ಕಂಪನಿಯ ಪರವಾಗಿ ಮಾತಾಡುವ ಉದ್ದೇಶ ನನಗೂ ಇರಲಿಲ್ಲ.

ಪಂಚಾಯ್ತಿ ಆಫೀಸಿನಲ್ಲಿ ಏಳೆಂಟು ಸದಸ್ಯರು, ಮುಂದೆ ಅಧ್ಯಕ್ಷರು, ಪಕ್ಕದಲ್ಲಿ ನಡಾವಳಿ ಪುಸ್ತಕ ಹಿಡಿದ ಕಾರ್ಯದರ್ಶಿ. ನೀರುಗಂಟಿ ಗೋಡೆಗೆ ಒರಗದೆ ನಿಂತಿದ್ದರು. ಮಾಲೀಕರು ಕಳಿಸಿದ್ದ ಹಾಳೆಯನ್ನು ಕಾರ್ಯದರ್ಶಿ ಓದಿದರು. ಮೊಬೈಲ್ ಮುಂತಾದ ಹೊರಗಿನ ಇಂಟರ್‌ಫಿಯರೆನ್ಸ್ ಎಂದಿತ್ತು.

“ಇದು ಸುಳ್ಳು,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಅಧ್ಯಕ್ಷರು, “ಏನಂದ್ರಿ ತಾಯಿ?” ಎಂದರು. ಮತ್ತೊಮ್ಮೆ ಹೇಳಿದೆ. “ಪರೀಕ್ಷೆ ಮಾಡಿದವಳು ನಾನು. ಬರೆದವರು ನೋಡಿಲ್ಲ. ಪಂಪ್‌ಹೌಸಿಗೆ ಬನ್ನಿ, ತೋರಿಸುತ್ತೇನೆ.”

“ನಮಗೆ ನಿಮ್ಮ ಸಿಗ್ನಲ್ಲು ಗಿಗ್ನಲ್ಲು ತಿಳಿಯಂಗಿಲ್ರಿ,” ಎಂದರು ಮೇಲಿನ ಓಣಿಯ ಸದಸ್ಯರೊಬ್ಬರು. ಆಕೆಯನ್ನು ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದವರು ಅವರೇ ಎಂದು ನನಗೆ ಆಮೇಲೆ ತಿಳಿಯಿತು.

“ತಿಳಿಯುವುದು ಬೇಡ. ನೀವು ಟ್ಯಾಂಕು ಹತ್ತಿದರೆ ಸಾಕು.”

ಉಳಿದವರು ನಕ್ಕರು. ನಕ್ಕಿದ್ದರಿಂದಲೇ ಆ ಸದಸ್ಯರು ಹತ್ತಬೇಕಾಯಿತು. ನಾನು ಹೇಳಿಕೊಟ್ಟಂತೆ ಮೇಲಿನ ಪೆಟ್ಟಿಗೆಯಿಂದ ಸೋಲಾರ್ ಫಲಕದ ವೈರು ಕಿತ್ತು, ಬ್ಯಾಟರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೆವರುತ್ತಾ ಇಳಿದು ಬಂದರು.

“ಈಗ ನಿಮ್ಮೂರ ಟ್ಯಾಂಕು ಮೂಕ,” ಎಂದೆ. “ಕೆಳಗಿನ ಪೆಟ್ಟಿಗೆಗೆ ಹೇಳುವವರು ಯಾರೂ ಇಲ್ಲ. ಎಲ್ಲರೂ ಮೊಬೈಲ್ ಬಂದ್ ಮಾಡಿ. ಅಕ್ಕನ ಫೋನನ್ನು ಅಧ್ಯಕ್ಷರು ತೆಗೆದುಕೊಳ್ಳಲಿ. ಹತ್ತು ನಿಮಿಷ ಕಾಯೋಣ.”

ಪಂಪ್‌ಹೌಸಿನಲ್ಲಿ ಅಷ್ಟು ಜನ ಒತ್ತಾಗಿ ನಿಂತಿದ್ದೆವು. ಎರಡು ನಿಮಿಷ, ಮೂರು ನಿಮಿಷ. “ಏನ್ರಿ, ಗಿಣಿಶಾಸ್ತ್ರ ಇದ್ದಂಗೈತೆ,” ಎಂದು ಹಿಂದಿನಿಂದ ಯಾರೋ ಅಂದರು. “ಕಾಯ್ತಾ ಕುಂತ್ರೆ ಬ್ಯಾಟ್ರಿ ಮರಿ ಹಾಕ್ತೈತೇನು?” ಎಂದು ಇನ್ನೊಬ್ಬರು. ನಾನು ಗಡಿಯಾರ ನೋಡುತ್ತಿದ್ದೆ. ಒಂದು ಭಯ ಇತ್ತು, ಅದನ್ನು ಮುಚ್ಚಿಡುವುದಿಲ್ಲ: ಆ ಊರಿನಲ್ಲಿ ಇವತ್ತೇ ಪೆಟ್ಟಿಗೆ ಕೆಟ್ಟಿದ್ದರೆ? ಫಿಟ್ಟರ್ ಹೆದರಿ ನಂಬರು ಬದಲಿಸಿ ಬಂದಿದ್ದರೆ? ಆಗ ನನ್ನ ಮಾತಿನ ಜೊತೆ ಆಕೆಯ ಕೆಲಸವೂ ಹೋಗುತ್ತಿತ್ತು.

ಏಳನೆಯ ನಿಮಿಷಕ್ಕೆ ಪೆಟ್ಟಿಗೆಯ ಹಸಿರು ದೀಪ ಮಿನುಗಿತು. ಸಣ್ಣ ಪರದೆಯ ಮೇಲೆ ಅಕ್ಷರ ಬಂತು: ನೂರಾ ಒಂದು, ಟ್ಯಾಂಕು ಖಾಲಿ. ಮೋಟರ್ ಗುಂಯ್ ಎಂದು ಚಾಲೂ ಆಯಿತು.

ಸದಸ್ಯರು ಕಂಕುಳಲ್ಲಿದ್ದ ಬ್ಯಾಟರಿಯನ್ನು ನೋಡಿದರು. “ಬ್ಯಾಟ್ರಿ ನನ್ ಕೈಯಾಗೇ ಐತಲ್ಲ.”

“ಐತೆ,” ಎಂದರು ಅಧ್ಯಕ್ಷರು. “ಹಂಗಾರೆ ಇದಕ್ಕೆ ಹೇಳಿದ್ಯಾರು?”

ನಂದಿಗುಡಿ ರಸ್ತೆಯ ಊರಿನ ವಿಷಯ ಹೇಳಿದೆ. ನೂರಾ ಒಂದರ ಕತೆಯನ್ನೂ ಹೇಳಿದೆ. ಅಷ್ಟು ಜನರಲ್ಲಿ ಒಬ್ಬ ಮುದುಕರು ನಿಧಾನವಾಗಿ ಬಾಗಿಲಿನಾಚೆ ಸರಿದರು. ಸೊನ್ನೆ ಬೇಡವೆಂದವರು ಅವರೇ ಇರಬೇಕು. ನಾನು ಕೇಳಲಿಲ್ಲ. ಹಿರಿಯರು ಹೇಳಿದ್ದು ಶಾಸ್ತ್ರ, ರಿಜಿಸ್ಟರ್ ತಿದ್ದದೆ ನಂಬರು ಬದಲಿಸಿದ್ದು ನಮ್ಮವರು. ಎಲ್ಲರೆದುರಿಗೆ ಟ್ಯಾಂಕು ಹತ್ತಿ ಬ್ಯಾಟರಿ ಮತ್ತೆ ಕೂರಿಸಿ, ಮೇಲಿನ, ಕೆಳಗಿನ ಎರಡೂ ಪೆಟ್ಟಿಗೆಯ ನಂಬರನ್ನು ನಲವತ್ತಕ್ಕೆ ತಂದೆ. ಯಾರೂ ಆಕ್ಷೇಪಿಸಲಿಲ್ಲ.

“ಆತು ಬಿಡವ್ವ,” ಎಂದರು ಅಧ್ಯಕ್ಷರು ನೀರುಗಂಟಿಗೆ. “ನಿಂದೇನಿಲ್ಲ. ಹೋಗು, ವಾಲ್ ತಿರುವು. ಓಣಿಯೋರು ಕಾಯ್ತಾವ್ರೆ.”

ನನ್ನ ಕೆಲಸ ಮುಗಿಯಿತು ಎಂದುಕೊಂಡು ವೈರು ಸುತ್ತಲು ಬಗ್ಗಿದೆ. ಆಕೆ ಕದಲಲಿಲ್ಲ.

“ಪುಸ್ತಕದಾಗೆ ಬರ್ದೀರಿ.”

“ಅದೇನ್ ಬಿಡು, ಎಲ್ಲಾರ್ಗೂ ಗೊತ್ತಾತಲ್ಲ,” ಎಂದರು ಕಾರ್ಯದರ್ಶಿ.

“ಬೈದಿದ್ದು ಬಾಯಾಗೆ ಆಗಿದ್ರೆ ಬಾಯಾಗೇ ಬಿಡ್ತಿದ್ದೆ ಸ್ವಾಮಿ. ಬರ್ದಿದ್ದನ್ನ ಬರ್ದೇ ಹೊಡ್ದಾಕ್ಬೇಕು. ಅಲ್ಲೀಗಂಟ ಈ ಚಾವಿ ತಿರುಗಂಗಿಲ್ಲ.”

ಎಲ್ಲರೂ ಒಟ್ಟಿಗೆ ಮಾತಾಡಿದರು. ಸೊಕ್ಕು ಎಂದರು, ಎರಡು ದಿನದಿಂದ ನೀರಿಲ್ಲ ಎಂದರು. ಆಕೆ ಒಂದೇ ಮಾತನ್ನು ಅದೇ ದನಿಯಲ್ಲಿ ಮೂರು ಸಲ ಹೇಳಿದರು. ಕೊನೆಗೆ ಕಾರ್ಯದರ್ಶಿ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಪುಸ್ತಕ ಬಿಚ್ಚಿ ಬರೆದರು. ಆಕೆ ನನ್ನ ಕಡೆ ತಿರುಗಿದರು. “ಓದು ತಂಗಿ, ಏನ್ ಬರ್ದಾರೆ.”

ತಾಂತ್ರಿಕ ಅಡಚಣೆಯಿಂದ ನೀರು ಪೂರೈಕೆಯಲ್ಲಿ ವ್ಯತ್ಯಯವಾಗಿದ್ದು ಈಗ ಸರಿಪಡಿಸಲಾಗಿದೆ ಎಂದಿತ್ತು. ಮಾಲೀಕರ ಹಾಳೆಯದೇ ಮಾತು, ಕನ್ನಡದಲ್ಲಿ. ಓದಿದೆ.

“ಇದರಾಗೆ ನಾನೆಲ್ಲಿ ಅದೀನಿ?”

ಇದರಲ್ಲಿ ಆಕೆಯೂ ಇರಲಿಲ್ಲ, ನಾವೂ ಇರಲಿಲ್ಲ. ಇದಕ್ಕೆ ಸುಮ್ಮನಾದರೆ ನನ್ನ ಕೆಲಸ ಉಳಿಯುತ್ತದೆ ಎಂದು ಆ ಕ್ಷಣ ಸ್ಪಷ್ಟವಾಗಿ ಹೊಳೆಯಿತು. ಆಕೆಯ ಕೆಲಸವೂ ಉಳಿಯುತ್ತದೆ. ಹೆಸರು ಮಾತ್ರ ಉಳಿಯುವುದಿಲ್ಲ.

“ಅಡಚಣೆ ಎಂಬುದನ್ನು ಹೊಡೆದುಹಾಕಿ,” ಎಂದೆ. “ನಾನು ಹೇಳಿದಂತೆ ಬರೆಯಿರಿ. ಪೆಟ್ಟಿಗೆ ಕೂರಿಸಿದ ಕಂಪನಿಯವರು ಎರಡು ಊರಿಗೆ ಒಂದೇ ನಂಬರು ಇಟ್ಟ ತಪ್ಪಿನಿಂದ ಹೀಗಾಯಿತು. ನೀರುಗಂಟಿಯದು ಯಾವ ತಪ್ಪೂ ಇಲ್ಲ. ಅವರ ಮೇಲೆ ಹಿಂದೆ ಬರೆದದ್ದು ಸುಳ್ಳು.”

“ಕಂಪ್ನಿಯೋರು ಒಪ್ತಾರೇನ್ರಿ?”

“ಕಂಪನಿಯ ಇಂಜಿನಿಯರ್ ಒಪ್ಪಿದ್ದಾಳೆ ಎಂದು ಬರೆಯಿರಿ. ಸಹಿ ಹಾಕುತ್ತೇನೆ.”

ಪೂರ್ತಿ ಹೆಸರು ಬರೆದು, ಅದರ ಕೆಳಗೆ ಓದಿನ ಪದವಿಯನ್ನೂ ಬರೆದೆ. ಸಾಮಾನ್ಯವಾಗಿ ನಾನು ಅದನ್ನು ಬರೆಯುವವಳಲ್ಲ. ಅಧ್ಯಕ್ಷರು ಸಹಿ ಮಾಡಿದರು. ಬ್ಯಾಟರಿ ಹೊತ್ತಿದ್ದ ಸದಸ್ಯರೂ, ಯಾರೂ ಕರೆಯದಿದ್ದರೂ, ಬಂದು ಸಹಿ ಮಾಡಿದರು.

ನನಗೆ ಆಮೇಲೆ ಏನಾಯಿತು ಎಂಬುದು ಸಣ್ಣ ಸಂಗತಿ. ಮಂಗಳವಾರ ಎಂದಿನ ಬಸ್ಸಿಗೆ ಹೋಗಿ ನನ್ನ ಕುರ್ಚಿಯಲ್ಲಿ ಕುಳಿತೆ. ಮಾಲೀಕರು ಮಾತು ಬಿಟ್ಟರು. ಸಂಜೆ ಮಂಡಕ್ಕಿ, ಮಿರ್ಚಿ ತರಿಸಿದರೆ ಐದು ಪೊಟ್ಟಣ ಬರುತ್ತಿತ್ತು. ನಾನು ಫಿಟ್ಟರನ್ನು ಪಕ್ಕಕ್ಕೆ ಕೂರಿಸಿಕೊಂಡು ಉಳಿದ ಊರುಗಳ ನಂಬರುಗಳನ್ನು ಒಂದೊಂದಾಗಿ ಪರಿಶೀಲಿಸಿದೆ. ಎಲ್ಲ ಮುಗಿಯಲು ನಾಲ್ಕು ತಿಂಗಳು ಬೇಕಾಯಿತು. ಮುಗಿದ ದಿನ ರಾಜೀನಾಮೆ ಕೊಟ್ಟೆ. ಅದಕ್ಕಿಂತ ಒಂದು ದಿನ ಮೊದಲೂ ಕೊಡಲಿಲ್ಲ, ಅವರು ಬಯಸಿದ್ದರೂ.

ಆ ಸೋಮವಾರ ಪುಸ್ತಕ ಮುಚ್ಚಿದ ಮೇಲೆ ಅಧ್ಯಕ್ಷರು ಆಫೀಸಿನಿಂದ ಹಳೆಯ ಸ್ವಿಚ್ಚಿನ ಕೀಲಿಯನ್ನೂ ತರಿಸಿ ನೀರುಗಂಟಿಯ ಕೈಗೆ ಕೊಟ್ಟರು. ಆಕೆ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಉಪಕಾರ ಆಯಿತು ಎಂದು ಅವರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹೇಳುವ ಕಾರಣವಿರಲಿಲ್ಲ, ತಪ್ಪು ನಮ್ಮದು. ಬಾಗಿಲಲ್ಲಿ ಇನ್ನೂ ಗುಂಪಾಗಿ ನಿಂತಿದ್ದ ನಮ್ಮೆಲ್ಲರನ್ನೂ ಒಮ್ಮೆ ನೋಡಿದರು.

“ಸರೀರಿ ಅತ್ಲಾಗೆ. ನೀರು ಬಿಡೋ ಹೊತ್ತಾತು.”